ಮೆಣಸಿನಕಾಯಿ ಪೇಟೆಯಲ್ಲೊಂದು ಹಳೆಯ ಮನೆ ಕೊಳ್ಳುವುದೆಂದರೆ...

ಮೋಟೆಬೆನ್ನೂರಿನಲ್ಲಿ ಹೆದ್ದಾರಿ ಬಿಟ್ಟು ಒಳಗೆ ತಿರುಗಿದರೆ ಬ್ಯಾಡಗಿ ಬಂತೆಂದು ಮೊದಲು ಹೇಳುವುದು ಮೂಗು. ಸುಗ್ಗಿಯ ದಿನಗಳಲ್ಲಿ ಇಲ್ಲಿನ ಗಾಳಿಯೇ ಬೇರೆ. ಬಳ್ಳಾರಿ, ರಾಯಚೂರು, ಆಂಧ್ರದ ಕರ್ನೂಲು ಕಡೆಯಿಂದ ಚೀಲ ತುಂಬಿದ ಲಾರಿಗಳು ಸಾಲುಗಟ್ಟುತ್ತವೆ. ಬಣ್ಣ ಗಾಢ, ಖಾರ ಕಡಿಮೆ, ಮೈಯೆಲ್ಲ ಸುಕ್ಕು. ಇದು ಬ್ಯಾಡಗಿ ಮೆಣಸಿನಕಾಯಿಯ ಗುರುತು. 2011ರಲ್ಲಿ ಅದಕ್ಕೆ ಜಿ.ಐ. ಮಾನ್ಯತೆಯೂ ದೊರೆಯಿತು. ಇದರಿಂದ ತೆಗೆಯುವ ಓಲಿಯೋರೆಸಿನ್ ಎಂಬ ಬಣ್ಣದ ಸಾರ ಆಹಾರ ಪದಾರ್ಥಗಳಿಗೂ ಸೌಂದರ್ಯವರ್ಧಕಗಳಿಗೂ ಹೋಗುತ್ತದೆ.

ಮೆಣಸಿನಕಾಯಿಯ ಕಥೆ ಎಲ್ಲರಿಗೂ ಗೊತ್ತು. ಅದರ ವ್ಯಾಪಾರ ಬೆಳೆಸಿದ ಮನೆಗಳ ಕಥೆ ಕೇಳುವವರು ಕಡಿಮೆ. 19ನೇ ಶತಮಾನದ ಕೊನೆಯ ಭಾಗದಲ್ಲಿ ಹುಬ್ಬಳ್ಳಿ–ಹರಿಹರ ರೈಲು ಮಾರ್ಗ ಬಂದ ಮೇಲೆ ಹಾವೇರಿ, ಬ್ಯಾಡಗಿ, ರಾಣೆಬೆನ್ನೂರು ಮೂರೂ ಒಂದೇ ಹಳಿಯ ಮೇಲಿನ ಪೇಟೆಗಳಾದವು. ಪೇಟೆ ಬೆಳೆದಂತೆ ವರ್ತಕರ, ದಲಾಲರ ಮನೆಗಳೂ ಬೆಳೆದವು. ಇಂದು ಅಂಥ ಮನೆಗಳ ವಾರಸುದಾರರು ಬೆಂಗಳೂರು, ಪುಣೆ, ಅಮೆರಿಕ ಎಂದು ಚದುರಿದ್ದಾರೆ. ಬಾಗಿಲಿಗೆ ಬೀಗ, ಅಟ್ಟಕ್ಕೆ ಪಾರಿವಾಳ. ಕೊನೆಗೊಂದು ದಿನ ಮನೆ ಮಾರಾಟಕ್ಕೆ ಬರುತ್ತದೆ.

ಅಂಕಣದ ಲೆಕ್ಕ

ಈ ಸೀಮೆಯ ಹಳೆಯ ಮನೆಯನ್ನು ಚದರಡಿಯಲ್ಲಿ ಅಳೆಯುತ್ತಿರಲಿಲ್ಲ, ಅಂಕಣದಲ್ಲಿ ಅಳೆಯುತ್ತಿದ್ದರು. ಕಂಬದಿಂದ ಕಂಬಕ್ಕೆ ಒಂದು ಅಂಕಣ. ಬೀದಿಗೆ ಕಟ್ಟೆ, ದಾಟಿದರೆ ತಲೆಬಾಗಿಲು, ಆಮೇಲೆ ಪಡಸಾಲೆ, ಅದರಾಚೆ ದೇವರ ಕೋಣೆ, ಅಡುಗೆಮನೆ, ಹಿತ್ತಲು. ಮೇಲೆ ಸಾಗುವಾನಿ ತೊಲೆ, ಅದರ ಮೇಲೆ ಜಂತಿ, ನಡುವೆ ಬೆಳಕಿಂಡಿ. ಮೊಳಗಟ್ಟಲೆ ದಪ್ಪದ ಮಣ್ಣಿನ ಗೋಡೆ ಬೇಸಿಗೆಯಲ್ಲಿ ಒಳಗೆ ತಂಪು ಕಾಯುತ್ತದೆ. ವರ್ತಕನ ಮನೆಯಾದರೆ ವ್ಯಾಪಾರವೂ ಅಲ್ಲಿಯೇ: ಪಡಸಾಲೆಯಲ್ಲಿ ಗಾದಿ, ಅಟ್ಟದಲ್ಲಿ ಸರಕು. ಈಗ ಸರಕು ಶೀತಲಗೃಹಕ್ಕೆ ಹೋಗುತ್ತದೆ, ಲೆಕ್ಕ ಕಂಪ್ಯೂಟರಿಗೆ. ಮನೆಯ ಅರ್ಧ ಕೆಲಸ ಹೀಗೆ ತಪ್ಪಿಹೋಯಿತು.

ದೂರದ ಹಾಲೆಂಡಿನಲ್ಲಿಯೂ ಇಂಥ ಮನೆಗಳಿವೆ ಎಂದರೆ ಮಕ್ಕಳಿಗೆ ಸೋಜಿಗವಾದೀತು. ಆಮ್‌ಸ್ಟರ್‌ಡ್ಯಾಮಿನ ಕಾಲುವೆಗಳ ದಂಡೆಯಲ್ಲಿ 17ನೇ ಶತಮಾನದ ವರ್ತಕರು ಕಟ್ಟಿಸಿದ ಕಿರಿದಾದ, ಎತ್ತರದ ಮನೆಗಳು ಸಾಲಾಗಿ ನಿಂತಿವೆ. ಕೆಳಗೆ ವಾಸ, ಅಟ್ಟದಲ್ಲಿ ಸಂಬಾರ ಪದಾರ್ಥ, ಬಟ್ಟೆಯ ದಾಸ್ತಾನು. ಮುಂಗೋಡೆಯ ನೆತ್ತಿಯಲ್ಲಿ ಚಾಚಿರುವ ತೊಲೆಗೆ ಹಗ್ಗ ಕಟ್ಟಿ ಸರಕನ್ನು ಮೇಲೆಳೆಯುತ್ತಿದ್ದರು. 2010ರಲ್ಲಿ ಆ ಕಾಲುವೆ ವಲಯ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಇಂದು ಅಲ್ಲೊಂದು ಮನೆ ಕೊಳ್ಳುವುದು ಸಿರಿವಂತರಿಗಷ್ಟೇ ಸಾಧ್ಯ.

ಹನ್ನೊಂದು ಸಹಿಗಳು

ಅಲ್ಲಿ ಕೊಳ್ಳುವವನು ಮೊದಲು ನೋಡುವುದು ಕೆಸರು ನೆಲದಲ್ಲಿ ಮನೆಯನ್ನು ಹೊತ್ತಿರುವ ಮರದ ಗೂಟಗಳನ್ನು. ಕರಾರುಪತ್ರ ಕೈಸೇರಿದ ಮೇಲೂ ಮನಸ್ಸು ಬದಲಿಸಲು ಕಾನೂನು ಅವನಿಗೆ ಮೂರು ದಿನದ ಅವಕಾಶ ಕೊಡುತ್ತದೆ. ಹಕ್ಕಿನ ಕಾಗದ ಪರೀಕ್ಷಿಸಿ 1832ರಿಂದ ನಡೆದುಬಂದಿರುವ ಭೂದಾಖಲೆಯಲ್ಲಿ ಹೆಸರು ಸೇರಿಸುವ ಹೊಣೆ ನೋಟರಿಯದು.

ನಮ್ಮಲ್ಲಿ ಆ ಹೊಣೆ ಬಹುಮಟ್ಟಿಗೆ ಕೊಳ್ಳುವವನದೇ. ಇಲ್ಲಿ ತೊಲೆಯ ತುದಿಗೆ ಗೆದ್ದಲು ಹಿಡಿದಿದೆಯೇ ಎಂದು ನೋಡುವುದು ಸುಲಭ; ಕಾಗದಕ್ಕೆ ಹಿಡಿದ ಗೆದ್ದಲು ಕಾಣುವುದು ಕಷ್ಟ. ಉಪನೋಂದಣಿ ಕಚೇರಿಯಲ್ಲಿ ಖರೀದಿಪತ್ರ ನೋಂದಾಯಿಸುವುದು 1908ರ ಕಾಯ್ದೆಯಂತೆ ಅವಶ್ಯ. ಆದರೆ ನೋಂದಣಿಯಾದ ಮಾತ್ರಕ್ಕೆ ಮಾರಿದವನಿಗೆ ಪೂರ್ಣ ಹಕ್ಕಿತ್ತೆಂದು ಸರಕಾರ ಖಾತರಿ ಕೊಟ್ಟಂತಲ್ಲ. ಆದ್ದರಿಂದ ಪುರಸಭೆಯ ಖಾತೆ ಉತಾರ, ಸಿಟಿ ಸರ್ವೆ ನಕ್ಷೆ, ಋಣಭಾರ ಪತ್ರ, ಹಳೆಯ ವಾಟ್ನಿ ಪತ್ರ ಎಲ್ಲವನ್ನೂ ಒಟ್ಟಿಗಿಟ್ಟು ವಕೀಲರಿಂದ ಓದಿಸಬೇಕು.

ಇದಕ್ಕಿಂತ ದೊಡ್ಡ ಪ್ರಶ್ನೆ ವಾರಸಿನದು. ವಿದ್ಯಾರ್ಥಿಗಳು ಒಂದು ಲೆಕ್ಕ ಮಾಡಿ ನೋಡಬಹುದು. ಸ್ವಂತ ಗಳಿಕೆಯಿಂದ ಮನೆ ಕಟ್ಟಿಸಿದ ಯಜಮಾನ ಮೃತ್ಯುಪತ್ರ ಬರೆಯದೆ ತೀರಿಕೊಂಡ. ಅವನ ತಾಯಿ ಮೊದಲೇ ತೀರಿದ್ದಳು. ಹೆಂಡತಿ, ಮೂವರು ಗಂಡುಮಕ್ಕಳು, ಇಬ್ಬರು ಹೆಣ್ಣುಮಕ್ಕಳು ಇದ್ದಾರೆ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಂತೆ ಆರು ಸಮ ಪಾಲು. ಮುಂದೆ ತಾಯಿ ಹೋದಳು, ಅವಳ ಪಾಲು ಐವರಿಗೆ ಹಂಚಿತು. ಐವರಲ್ಲಿ ಇಬ್ಬರು ಗಂಡುಮಕ್ಕಳು ತೀರಿಕೊಂಡು, ಒಬ್ಬೊಬ್ಬರಿಗೂ ಹೆಂಡತಿ ಮತ್ತು ಮೂವರು ಮಕ್ಕಳಿದ್ದರೆ? ಉಳಿದ ಮೂವರು, ಮೇಲೆ ನಾಲ್ಕು, ಮತ್ತೆ ನಾಲ್ಕು; ಒಟ್ಟು ಹನ್ನೊಂದು ಸಹಿ! ಅವರಲ್ಲಿ ಯಾರಾದರೂ ಅಪ್ರಾಪ್ತ ವಯಸ್ಸಿನವರಿದ್ದರೆ ಆ ಪಾಲು ಮಾರಲು ನ್ಯಾಯಾಲಯದ ಅನುಮತಿಯೂ ಬೇಕಾಗುತ್ತದೆ.

‘ಅಕ್ಕ-ತಂಗಿಯರಿಗೆ ಮದುವೆಯಲ್ಲಿ ಕೊಟ್ಟಾಗಿದೆ, ಅವರ ಸಹಿ ಯಾಕ?’ ಎನ್ನುವ ಮಾತು ಈ ಭಾಗದಲ್ಲಿ ಇನ್ನೂ ಕೇಳಿಬರುತ್ತದೆ. ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಹುಟ್ಟಿನಿಂದ ಪಾಲು ಕೊಡುವ ತಿದ್ದುಪಡಿಯನ್ನು ಕರ್ನಾಟಕ 1994ರಲ್ಲಿಯೇ ತಂದಿತ್ತು. ಅದು ಆಗ ಮದುವೆಯಾಗದವರಿಗೆ ಸೀಮಿತವಾಗಿತ್ತು. 2005ರ ಕೇಂದ್ರ ತಿದ್ದುಪಡಿ ಆ ಭೇದವನ್ನು ತೆಗೆಯಿತು. ಆ ದಿನ ತಂದೆ ಬದುಕಿರಲೇಬೇಕೆಂದಿಲ್ಲ ಎಂದು 2020ರಲ್ಲಿ ಸುಪ್ರೀಂ ಕೋರ್ಟು ಸ್ಪಷ್ಟಪಡಿಸಿತು. ತಂಗಿಯ ಸಹಿ ಬಿಟ್ಟು ಮನೆ ಕೊಂಡವನು ಪಡಸಾಲೆಯಲ್ಲಿ ಕೂಡುವ ಮೊದಲೇ ಕೋರ್ಟಿನ ಕಟ್ಟೆ ಹತ್ತಬೇಕಾದೀತು.

ಕೊಂಡ ಮೇಲೆ

ಮನೆಗಿಂತ ಕಟ್ಟಿಗೆಗೆ ಹೆಚ್ಚು ಬೆಲೆ ಎಂದು ಕೊಳ್ಳುವವರೂ ಇದ್ದಾರೆ. ಅವರು ಕಂಬ, ತೊಲೆ, ಕೆತ್ತನೆಯ ಚೌಕಟ್ಟು ಬಿಚ್ಚಿ ಮಾರಿ, ಬಯಲಾದ ಜಾಗದಲ್ಲಿ ಮಳಿಗೆ ಕಟ್ಟಿಸುತ್ತಾರೆ. ವಾಸಕ್ಕೆಂದು ಕೊಂಡವರ ತಪ್ಪು ಬೇರೆ ತರದ್ದು. ಮಣ್ಣಿನ ಗೋಡೆಗೆ ಸಿಮೆಂಟು ಬಳಿಸಿದರೆ ಒಳಗಿನ ತೇವ ಹೊರಬರಲಾರದೆ ಗೋಡೆ ಒಳಗೊಳಗೇ ಕೊಳೆಯುತ್ತದೆ. ಅದಕ್ಕೆ ಮಣ್ಣು, ಸುಣ್ಣದ ಗಿಲಾವೇ ತಕ್ಕದ್ದು. ಅದನ್ನು ಬಲ್ಲ ಗೌಂಡಿಗಳು ಮಾತ್ರ ಕಡಿಮೆಯಾಗುತ್ತಿದ್ದಾರೆ.

ಆಮ್‌ಸ್ಟರ್‌ಡ್ಯಾಮಿನಲ್ಲಿ 1956ರಲ್ಲಿ ಹುಟ್ಟಿದ ಸ್ಟಾಟ್ಸ್‌ಹೆರ್ಸ್ಟೆಲ್ ಎಂಬ ಸಂಸ್ಥೆ ಬೀಳುವ ಮನೆಗಳನ್ನು ಕೊಂಡು, ದುರಸ್ತಿ ಮಾಡಿ, ಬಾಡಿಗೆಗೆ ಕೊಡುತ್ತ ಬಂದಿದೆ. ನಮ್ಮವರೇ ಆದ ವಿಜಯನಾಥ ಶೆಣೈ ಹಳೆಯ ಮನೆಗಳನ್ನು ಬಿಚ್ಚಿ ತಂದು ಮಣಿಪಾಲದ ಹಸ್ತಶಿಲ್ಪ ಪರಂಪರಾ ಗ್ರಾಮದಲ್ಲಿ ಮತ್ತೆ ನಿಲ್ಲಿಸಿದರು. ಎರಡೂ ದೊಡ್ಡ ಕೆಲಸಗಳು. ಆದರೆ ಮನೆ ತನ್ನ ಊರಿನಲ್ಲಿಯೇ, ಒಲೆ ಉರಿಯುತ್ತ ಉಳಿದರೆ ಅದರ ಸೊಗಸೇ ಬೇರೆ.

ಕಾಗಿನೆಲೆಗೆ ಪ್ರವಾಸ ಹೋಗುವ ಶಾಲೆಗಳು ದಾರಿಯಲ್ಲಿ ಬ್ಯಾಡಗಿಯ ಹಳೆಯ ಓಣಿಗಳಲ್ಲಿ ಅರ್ಧ ಗಂಟೆ ನಡೆದರೂ ಸಾಕು. ಅಂಕಣ ಎಣಿಸಲಿ, ತೊಲೆಯ ಹೆಸರು ಕೇಳಲಿ. ಮನೆಗೆ ಬಂದು ತಮ್ಮ ಮನೆಯ ಉತಾರದಲ್ಲಿ ಯಾರ ಯಾರ ಹೆಸರಿದೆ ಎಂದು ತಂದೆ-ತಾಯಿಯನ್ನು ಕೇಳಲಿ. ಅತ್ತೆಯ ಹೆಸರು ಅದರಲ್ಲಿ ಇಲ್ಲದಿದ್ದರೆ, ಯಾಕಿಲ್ಲ ಎಂದೂ ಕೇಳಲಿ.