ಘಾಜಿಯಾಬಾದಿನ ಚಳಿಯೂ ಒಂದು ಜೊತೆ ಬೂಟೂ



ನಿಮ್ಮ ತಂದೆತಾಯಂದಿರು ನೌಕರಿಗಾಗಿ ಬೆಂಗಳೂರನ್ನೋ ಧಾರವಾಡವನ್ನೋ ಬಿಟ್ಟು ಯಮುನೆ ದಾಟಿ ಈ ಊರಿಗೆ ಬಂದಾಗ ಅವರ ಟ್ರಂಕಿನಲ್ಲಿ ಸ್ವೆಟರ್ ಇತ್ತೇ ಹೊರತು ಬೂಟು ಇರಲಿಲ್ಲ. ನಮ್ಮ ಕಡೆ ಬೂಟು ಎಂದರೆ ಪೊಲೀಸರದು, ಇಲ್ಲವೇ ಶಾಲೆಯ ಮಕ್ಕಳದು. ಹೆಂಗಸರಿಗೆ ಚಪ್ಪಲಿ. ಆದ್ದರಿಂದ "ಎಂಥ ಬೂಟು ಕೊಳ್ಳಲಿ ಅಮ್ಮ?" ಎಂದು ನೀವು ಕೇಳಿದರೆ ಅಮ್ಮನಿಗೆ ಏನು ಹೇಳಬೇಕೆಂದು ತೋಚುವುದಿಲ್ಲ. ನನಗೂ ತೋಚಿರಲಿಲ್ಲ. ದುಡ್ಡು ಕಳೆದುಕೊಂಡು ಕಲಿತೆ.

2019ರಲ್ಲಿ ಮೆಟ್ರೋದ ಕೆಂಪು ಮಾರ್ಗ ಶಹೀದ್ ಸ್ಥಳದವರೆಗೆ ಬಂದ ಮೇಲೆ ಹಳೆಯ ಘಾಜಿಯಾಬಾದಿಗೆ ಹೋಗಿಬರುವುದು ಸುಲಭವಾಗಿದೆ. ಮಾಲ್‌ಗಳನ್ನು ಮಾತ್ರ ಕಂಡಿರುವ ಇಂದಿರಾಪುರಂ, ವೈಶಾಲಿಯ ಹುಡುಗಿಯರು ಒಮ್ಮೆ ತುರಾಬ್ ನಗರದ ಮಾರುಕಟ್ಟೆಗೆ ಹೋಗಿ ನೋಡಿ. ಬಳೆ, ಸಲ್ವಾರ್ ಬಟ್ಟೆ, ಲೇಸು, ಪಾದರಕ್ಷೆ ಎಲ್ಲ ಒಂದನ್ನೊಂದು ತಳ್ಳಿಕೊಂಡು ನಿಂತಿರುತ್ತವೆ. ಸಂಜೆಯ ಹೊತ್ತು ಹೋಗಿ. ದಿನವಿಡೀ ಓಡಾಡಿದ ಪಾದ ಸ್ವಲ್ಪ ಊದಿರುತ್ತದೆ, ಆಗ ಸರಿಹೋದ ಬೂಟು ಯಾವಾಗಲೂ ಸರಿಹೋಗುತ್ತದೆ. ಜನವರಿಯಲ್ಲಿ ಹಾಕುವ ದಪ್ಪ ಕಾಲುಚೀಲವನ್ನೇ ತೆಗೆದುಕೊಂಡು ಹೋಗಿ, ಅದನ್ನು ಹಾಕಿಕೊಂಡೇ ಅಳತೆ ನೋಡಿ. ಮುಂದೆ ಬೆರಳುಗಳು ಆಡಬೇಕು, ಹಿಂದೆ ಹಿಮ್ಮಡಿ ಮೇಲೇಳಬಾರದು. "ಹಾಕುತ್ತಾ ಹಾಕುತ್ತಾ ಸಡಿಲವಾಗುತ್ತೆ ದೀದಿ" ಎಂಬ ಮಾತಿಗೆ ಮರುಳಾಗಬೇಡಿ. ಚರ್ಮ ಅಗಲಕ್ಕೆ ಸ್ವಲ್ಪ ಹಿಗ್ಗೀತು, ಉದ್ದಕ್ಕೆ ಹಿಗ್ಗುವುದಿಲ್ಲ.

ಚರ್ಮವೋ ರೆಕ್ಸಿನ್ನೋ ಎಂಬುದು ಇನ್ನೊಂದು ಪ್ರಶ್ನೆ. ನನ್ನ ಸೋದರಮಾವ ಅಥಣಿಯ ಕಡೆಯವರು. ಹೊಸ ಚಪ್ಪಲಿ ಕೈಗೆ ಬಂದರೆ ಮೊದಲು ಅದರ ಕತ್ತರಿಸಿದ ಅಂಚನ್ನು ನೋಡುತ್ತಿದ್ದರು. ನಿಜವಾದ ತೊಗಲಾದರೆ ಅಂಚಿನಲ್ಲಿ ಎಳೆ ಎಳೆಯಾಗಿ ಒರಟಾಗಿರುತ್ತದೆ. ರೆಕ್ಸಿನ್ ಆದರೆ ಮೇಲೆ ಬಣ್ಣದ ಪದರ, ಕೆಳಗೆ ಬಟ್ಟೆ. (ಕೊಲ್ಹಾಪುರಿ ಎಂದು ಜಗತ್ತೇ ಕರೆಯುವ ಚಪ್ಪಲಿಗೆ 2019ರಲ್ಲಿ ಭೌಗೋಳಿಕ ಮಾನ್ಯತೆಯ ಸುದ್ದಿ ಬಂದಾಗ ಅದರಲ್ಲಿ ನಮ್ಮ ಬೆಳಗಾವಿ, ಬಾಗಲಕೋಟೆ, ಧಾರವಾಡ, ವಿಜಯಪುರಗಳ ಹೆಸರೂ ಇತ್ತು. ಮಾವ ಇದ್ದಿದ್ದರೆ ಹಿಗ್ಗುತ್ತಿದ್ದರು.) ಈ ಪಾಠ ನೆನಪಿದ್ದೂ ನಾನು ಮಗಳಿಗೆ "ಶುದ್ಧ ಚರ್ಮ" ಎಂದು ಹೇಳಿದ ಅಂಗಡಿಯವನಿಂದ ಮೊಣಕಾಲವರೆಗಿನ ಕಪ್ಪು ಬೂಟು ಕೊಡಿಸಿದೆ. ಎರಡು ಮಳೆಗಾಲ ಡಬ್ಬದಲ್ಲಿಟ್ಟು ತೆಗೆದರೆ ಮೇಲ್ಪದರ ಹಪ್ಪಳದ ಹಾಗೆ ಉದುರಿತು. ಅದು ಪಾಲಿಯುರೆಥೇನ್ ಲೇಪ. ಹಾಕದೆ ಇಟ್ಟರೂ ಗಾಳಿಯ ತೇವಕ್ಕೇ ಶಿಥಿಲವಾಗುತ್ತದೆ. ಕಡಿಮೆ ಬೆಲೆಗೆ ಅದನ್ನು ಕೊಳ್ಳುವುದು ತಪ್ಪಲ್ಲ, ಚರ್ಮದ ಬೆಲೆ ಕೊಟ್ಟು ಕೊಳ್ಳುವುದು ತಪ್ಪು. ಇಲ್ಲಿ ಬೂಟಿನ ಚಳಿ ಇರುವುದೇ ಎರಡು, ಎರಡೂವರೆ ತಿಂಗಳು.

ಮುಂದಿನ ವರ್ಷ ಮಗಳು ತಾನೇ ಆರಿಸಿದಳು. ಪಾದದ ಗಂಟಿನ ಮೇಲಕ್ಕೆ ಬರುವ, ಎಂಟು ತೂತಿನ ಲೇಸಿನ ಬೂಟು. ನೋಡಲು ಬಲು ಚೆಂದ. ಸಂಕ್ರಾಂತಿ ಬಂತು. ನಿಮಗೆ ಗೊತ್ತಲ್ಲ, ನಮ್ಮಲ್ಲಿ ಎಳ್ಳು ಬೀರಲು ಮನೆಯಿಂದ ಮನೆಗೆ ಹೋಗಬೇಕು, ಪ್ರತಿ ಹೊಸ್ತಿಲಲ್ಲೂ ಕಾಲಿನದು ಕಳಚಬೇಕು. ಮೊದಲೆರಡು ಮನೆಗಳಲ್ಲಿ ಕೂತು ಬಿಚ್ಚಿ ಕಟ್ಟಿದಳು. ಮೂರನೆಯದರಿಂದ "ನೀನು ಹೋಗಿಬಾ ಅಮ್ಮ" ಎಂದು ಮೆಟ್ಟಿಲ ಬಳಿಯೇ ನಿಂತಳು. ಐದನೆಯ ಮನೆಯಲ್ಲಿ ಹುಬ್ಬಳ್ಳಿಯಿಂದ ಬಂದಿದ್ದ ಅಜ್ಜಿಯೊಬ್ಬರು, "ಮಗಳು ಬರ್ಲಿಲ್ಲೇನವಾ?" ಎಂದು ಕೇಳಿದರು. ಕೆಳಗಿದ್ದಾಳೆ ಎಂದೆ. ಎಳ್ಳು ಬೆಲ್ಲ, ಜೊತೆಗೆ ಒಂದು ಸಕ್ಕರೆ ಅಚ್ಚು, ಕಾಗದದಲ್ಲಿ ಸುತ್ತಿ ಕೊಟ್ಟರು. ಮರುವರ್ಷ ಆ ಮನೆಗೆ ಹೋಗುವ ಹೊತ್ತಿಗೆ ಅಜ್ಜಿ ಇರಲಿಲ್ಲ. ಮಗಳು ಏನೂ ಹೇಳಲಿಲ್ಲ. ಆ ಫೆಬ್ರವರಿಯಲ್ಲಿ ಬೆಲೆ ಇಳಿದಾಗ ಪಕ್ಕದಲ್ಲಿ ಜಿಪ್ ಇರುವ ಕಂದು ಬೂಟು ತಂದಳು.

ಆದ್ದರಿಂದ ಕನ್ನಡದ ಮನೆಗಳಿಗೆ ಹೋಗಿಬರುವ ಹುಡುಗಿಯರು ಜಿಪ್ಪನ್ನೋ, ಪಕ್ಕದಲ್ಲಿ ಇಲಾಸ್ಟಿಕ್ ಇರುವ ಚೆಲ್ಸಿಯನ್ನೋ ನೋಡಿ. ಜಿಪ್ಪನ್ನು ಅಂಗಡಿಯಲ್ಲೇ ಹತ್ತು ಸಲ ಎಳೆದು ಪರೀಕ್ಷಿಸಿ. ಕಾಲುಚೀಲದಲ್ಲಿ ತೂತಿರದಿರಲಿ!

ಕಂದು ಬಣ್ಣ ಜೀನ್ಸಿಗೂ ಉದ್ದ ಕುರ್ತಾಕ್ಕೂ ಹೊಂದುತ್ತದೆ. ಪಟಿಯಾಲಾ ಸಲ್ವಾರಿನ ಮೇಲೆ ಮೊಣಕಾಲ ಬೂಟು ಏರಿಸಿದರೆ ಕುದುರೆ ಸವಾರಳಂತೆ ಕಾಣುತ್ತೀರಿ, ಬೇಕೆಂದರೆ ಸರಿ. ಇಳಕಲ್ ಸೀರೆಯ ಕೆಳಗೆ ಗಿಡ್ಡ ಬೂಟು ಹಾಕಿದವರನ್ನು ರಾಜ್ಯೋತ್ಸವದಲ್ಲಿ ಕಂಡೆ. ಮೊದಲು ನಕ್ಕೆ, ಆಮೇಲೆ ಮೆಚ್ಚಿದೆ. ಬೂಟು ಹಾಕಿಕೊಂಡೇ ನೆರಿಗೆ ಹಿಡಿಯಬೇಕು, ಇಲ್ಲವಾದರೆ ಸೀರೆ ಮೋಟಾಗುತ್ತದೆ.

ಇನ್ನು ಆರೈಕೆ. ದೆಹಲಿಯ ಸುತ್ತಿನ ಧೂಳು ಚರ್ಮದ ಪರಮ ಶತ್ರು. ಪಾಲಿಶ್ ಹಚ್ಚುವ ಮೊದಲು ಒಣ ಬ್ರಷ್ಷಿನಿಂದ ಉಜ್ಜಿ. ನೆನೆದರೆ ಹೀಟರ್ ಮುಂದೆ ಇಡಲೇಬೇಡಿ, ಚರ್ಮ ಬಿರಿಯುತ್ತದೆ. ಒಳಗೆ ಪತ್ರಿಕೆ ತುರುಕಿ ನೆರಳಲ್ಲಿ ಒಣಗಿಸಿ. ಹಿಮ್ಮಡಿ ಒಂದು ಕಡೆ ಸವೆದೊಡನೆ ಬೀದಿಯ ಮೋಚಿಗೆ ಕೊಡಿ, ಪೂರ್ತಿ ಸವೆಯುವವರೆಗೆ ಕಾಯಬೇಡಿ. ಮಾರ್ಚಿನಲ್ಲಿ ಒರೆಸಿ, ಕ್ರೀಮು ಹಚ್ಚಿ, ಹತ್ತಿ ಬಟ್ಟೆಯ ಚೀಲದಲ್ಲಿಡಿ. ಪ್ಲಾಸ್ಟಿಕ್‌ನಲ್ಲಿಟ್ಟರೆ ಜುಲೈನಲ್ಲಿ ಬೂಷ್ಟು ಹಿಡಿಯುತ್ತದೆ. ಉದ್ದನೆಯ ಬೂಟು ಮಡಚಿಕೊಳ್ಳದಂತೆ ಒಳಗೆ ಸುರುಳಿ ಸುತ್ತಿದ ಮಾಸಪತ್ರಿಕೆ ನಿಲ್ಲಿಸಿ. ನಮ್ಮ ಸಂಘದ ಪತ್ರಿಕೆಯೇ ಆದೀತು, ಓದಿದ ಮೇಲೆ.