ಸೆಕೆಂಡ್ ಹ್ಯಾಂಡ್ ಡ್ರೋನ್ ರೇಟು ಹೆಂಗ ಕಟ್ಟಿದೆ

ಕಂಪ್ಲಿ ಕಡೆ ಭತ್ತಕ್ಕೆ ಔಷಧಿ ಹೊಡೆಯೋ ಹಳೇ ಡ್ರೋನ್ ಬೇಕು ಅಂತ ಕೇಳೋರು ಜಾಸ್ತಿ ಆಗ್ಯಾರ. ಮಾರೋರೂ ಅದಾರ. ಕಾಲುವೆಗೆ ಎರಡನೇ ಬೆಳೆ ನೀರು ಇಲ್ಲ ಅಂದ್ರ ಡ್ರೋನ್‌ಗೆ ಅರ್ಧ ವರ್ಷ ಕೆಲಸ ಇಲ್ಲ, ಬ್ಯಾಂಕಿನ ಕಂತು ಮಾತ್ರ ನಿಲ್ಲಲ್ಲ. ಹೋದ ತಿಂಗಳು ನಾನೂ ಒಂದು ತಗೊಂಡೆ. ಸಂಡೂರು ಕಡೆ ಹುಡುಗಂದು, 10 ಲೀಟರ್ ಟ್ಯಾಂಕು. ಅವನು ಹೇಳಿದ್ದು 3 ಲಕ್ಷ 20 ಸಾವಿರ.

ಎತ್ತಿಗೆ ಹಲ್ಲು ನೋಡ್ತೀವಿ, ಡ್ರೋನ್‌ಗೆ ಬ್ಯಾಟರಿ ನೋಡಬೇಕು. ಸೆಸ್ನಾದಂಥ ಸಣ್ಣ ವಿಮಾನ ಕೊಳ್ಳೋರೂ ಎಂಜಿನ್ ಎಷ್ಟು ತಾಸು ಓಡೈತಿ ಅಂತಾನೇ ಮೊದಲು ಕೇಳೋದು. ಸುಮಾರು 2,000 ತಾಸಿಗೆ ಆ ಎಂಜಿನ್ ಪೂರ್ತಿ ಬಿಚ್ಚಿ ಕಟ್ಟಬೇಕು, ಹಂಗಾಗಿ ಉಳಿದ ತಾಸಿನ ಮೇಲೆ ರೇಟು. ನಮ್ಮದರಾಗ ಎಷ್ಟು ಸಲ ಚಾರ್ಜ್ ಆಗೈತಿ ಅನ್ನೋದು ಲೆಕ್ಕ. ಹುಡುಗನ ಹತ್ರ ಮೂರು ಜೊತೆ ಬ್ಯಾಟರಿ ಇದ್ವು. ಚೆಕ್ಕರ್ ಹಾಕಿ ಒಂದೊಂದೇ ಸೆಲ್ ನೋಡಿದೆ. ಪೂರ್ತಿ ಚಾರ್ಜ್ ಆದ ಸೆಲ್ 4.2 ವೋಲ್ಟ್ ತೋರಿಸಬೇಕು. ಒಂದು ಜೊತೆ ಅಷ್ಟು ಏರಲೇ ಇಲ್ಲ, ಹೊಟ್ಟೆನೂ ಉಬ್ಬಿತ್ತು.

ಆಮೇಲೆ ಹಾರಿಸು ಅಂದೆ. ಖಾಲಿ ಟ್ಯಾಂಕಲ್ಲಿ ಏರಿಸಿದ. ಖಾಲಿ ಇದ್ದಾಗ ಎಲ್ಲಾ ಡ್ರೋನೂ ಚಲೋನೇ ಹಾರ್ತಾವ್ರಿ! 10 ಲೀಟರ್ ನೀರು ತುಂಬಿಸಿ ಮತ್ತೆ ಹಾರಿಸಿದ್ವಿ. ಇಳಿದ ಮೇಲೆ ಬ್ಯಾಟರಿ ತೆಗೆದು ಮೋಟರ್ ಮುಟ್ಟಿ ನೋಡಿದ್ರ ಒಂದು ಉಳಿದವಕ್ಕಿಂತ ಬಿಸಿ ಇತ್ತು, ಕೈಯಿಂದ ತಿರುಗಿಸಿದ್ರ ಗರಗರ ಅಂತಿತ್ತು. ಸಂಡೂರಿನ ಕೆಂಪು ಧೂಳು ಬೇರಿಂಗ್ ಒಳಗೆ ಹೋಗಿರಬೇಕು.

ನಮ್ಮ ಭಾವ ಪಕ್ಕಕ್ಕೆ ಕರೆದು, 'ಹುಡುಗಗೆ ಕಂತಿನ ಅವಸರ ಐತಿ, 2 ಲಕ್ಷದ ಮೇಲೆ ಏರಬೇಡ' ಅಂದ್ರು. ನನಗೆ ಮನಸ್ಸಾಗಲಿಲ್ಲ. ಬರಗಾಲದಾಗ ನಮ್ಮಪ್ಪ ಎತ್ತು ಹೊಡಕೊಂಡು ಸಂತೆಗೆ ಹೋದಾಗ ಕೊಳ್ಳೋರು ಎತ್ತು ನೋಡಲಿಲ್ಲ, ಅಪ್ಪನ ಮುಖ ನೋಡಿ ಅರ್ಧ ರೇಟು ಕೇಳಿದ್ರು. ಅದು ಇನ್ನೂ ನೆನಪೈತಿ.

ಚೀಟಿ ಮೇಲೆ ಬರೆದು ತೋರಿಸಿದೆ: ಹೊಸ ಬ್ಯಾಟರಿ ಒಂದು ಜೊತೆ 45 ಸಾವಿರ, ಮೋಟರ್ ರಿಪೇರಿ 10 ಸಾವಿರ. 55 ಕಳೆದ್ರ 2 ಲಕ್ಷ 65. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, 'ಅಣ್ಣಾ, ಲೆಕ್ಕ ಸರಿ ಐತಿ. ಜನರೇಟರೂ ಕೊಡ್ತೀನಿ, 2 ಲಕ್ಷ 75 ಮಾಡ್ರಿ' ಅಂದ. ಹೊಲದ ಬದುವಿನ ಮೇಲೆ ಚಾರ್ಜ್ ಮಾಡಾಕ ಜನರೇಟರ್ ಬೇಕೇ ಬೇಕು. ಒಪ್ಪಿದೆ. ಭಾವ ಇನ್ನೂ ಸಿಟ್ಟಲ್ಲೇ ಅದಾರ.

ಕಾಗದಪತ್ರದ್ದು ಮಾತ್ರ ಯಾರೂ ಸಡಿಲ ಬಿಡಬ್ಯಾಡ್ರಿ. 2021ರ ಡ್ರೋನ್ ನಿಯಮದ ಪ್ರಕಾರ ಇದಕ್ಕೆ ಯುಐಎನ್ ನಂಬರ್ ಇರಬೇಕು, ಮಾರಿದಾಗ ಫಾರ್ಮ್ ಡಿ-3 ತುಂಬಿ ಹೆಸರು ಬದಲಾಗಬೇಕು. ಥರ್ಡ್ ಪಾರ್ಟಿ ಇನ್ಶೂರೆನ್ಸ್ ಬೇರೆ. ಹಾರಿಸೋರಿಗೆ ಪೈಲಟ್ ಸರ್ಟಿಫಿಕೇಟ್ ಬೇಕು. ನಮ್ಮ ತಮ್ಮನ ಮಗ ಮಾಡಿಸ್ಯಾನ. ತೋರಣಗಲ್ಲು ಏರ್‌ಪೋರ್ಟ್ ಸುತ್ತ ಹೊಲ ಇರೋರು ಹಾರಿಸೋ ಮುಂಚೆ ಡ್ರೋನ್ ನಕ್ಷೆ ನೋಡ್ಕೊಳ್ರಿ.

ದುಡ್ಡು ಅವನ ಕೈಗೆ ಕೊಡಲಿಲ್ಲ. ಇಬ್ಬರೂ ಬ್ಯಾಂಕಿಗೆ ಹೋಗಿ 2 ಲಕ್ಷ 35 ಸಾವಿರ ನೇರ ಅವನ ಸಾಲದ ಖಾತೆಗೆ ಕಟ್ಟಿದ್ವಿ, ಸಾಲ ಚುಕ್ತಾ ಆಯ್ತು. ಉಳಿದ 40 ಸಾವಿರ ಬ್ಯಾಂಕಿನ ಎನ್‌ಒಸಿ ಬಂದು ಯುಐಎನ್ ನಮ್ಮ ಹೆಸರಿಗೆ ಆದ ದಿನ ಅಂತ ಮಾತು. ಎನ್‌ಒಸಿ ಸೋಮವಾರ ಬಂತು.