ಇದು ಇದರಲ್ಲಿ ಕೂರದು

ಜಗತ್ತಿನ ಬಹುಪಾಲು ವಜ್ರಗಳು ಸಾಣೆ ಹಿಡಿಸಿಕೊಳ್ಳುವುದು ಸೂರತ್ತಿನಲ್ಲಿ. ಆ ಕಸುಬಿನ ದೊಡ್ಡ ನೆಲೆ ವರಾಛಾ. ಕೇಂದ್ರ ಸರ್ಕಾರದ ವರ್ಗಾವಣೆಯ ಆದೇಶವೊಂದು ನಮ್ಮನ್ನು ಇಲ್ಲಿಗೆ ತಂದು ಬಿಟ್ಟಿದೆ. ಇಲ್ಲಿನ ಮಿನಿ ಬಜಾರಿನಲ್ಲಿ ದಲಾಲರು ಕಾಗದದ ಪೊಟ್ಟಣ ಬಿಚ್ಚಿ, ಕಲ್ಲುಗಳನ್ನು ಮಸೂರದಡಿ ನೋಡುತ್ತ ನಿಂತಿರುತ್ತಾರೆ. ನಮ್ಮ ಕಡೆಯ ಏಳುಕಲ್ಲಿನ ವಜ್ರದೋಲೆಯನ್ನು ನೆನೆದರೆ ಅವರ ತಾಳ್ಮೆಯ ಅರ್ಥವಾಗುತ್ತದೆ. ಕಲ್ಲುಗಳ ಬಣ್ಣವೂ ಹೊಳಪೂ ಒಂದನ್ನೊಂದು ಹೋಲಬೇಕು. ನಡುವೆ ಒಂದು ಅತಿ ಶ್ರೇಷ್ಠವಾದ ಕಲ್ಲು ಬಂದರೂ ಓಲೆ ಕೆಟ್ಟಿತು. ಶ್ರೇಷ್ಠವಾದುದು ಬೇರೆ, ಹೊಂದುವುದು ಬೇರೆ. ಲ್ಯಾಪ್‌ಟಾಪಿನ ರ‍್ಯಾಮ್ ಹೆಚ್ಚಿಸಲು ಹೊರಟಾಗ ನಮಗೆ ಬೇಕಾದದ್ದು ಇದೇ ವಿವೇಕ.

ನಮ್ಮ ಯಂತ್ರ 2018ರದು. ಅದರಲ್ಲಿದ್ದದ್ದು 4 ಜಿಬಿ ರ‍್ಯಾಮ್. ನಿವೃತ್ತ ಶಿಕ್ಷಕರಾದ ನಮ್ಮ ತಂದೆಯವರು ನಲವತ್ತು ವರ್ಷ ಬರೆದ ನೋಟ್‌ಬುಕ್ಕುಗಳನ್ನು ಸ್ಕ್ಯಾನ್ ಮಾಡಿ, ಓದಿ, ಯೂನಿಕೋಡಿನಲ್ಲಿ ಬೆರಳಚ್ಚಿಸುವ ಕೆಲಸ ಹಿಡಿದಿದ್ದೆವು. ಒಂದು ನೋಟ್‌ಬುಕ್ಕಿನ ಪುಟಗಳನ್ನೆಲ್ಲ ಒಟ್ಟಿಗೆ ತೆರೆದರೆ ಯಂತ್ರ ಮರಗಟ್ಟುತ್ತಿತ್ತು. ತಂದೆಯವರಿಗೆ ಎಂಬತ್ತೆರಡು, ಪ್ರತಿ ಭಾನುವಾರ ಫೋನಿನಲ್ಲಿ ಅವರು ಕೇಳುವ ಪ್ರಶ್ನೆ ಒಂದೇ: "ಎಷ್ಟನೆಯದಕ್ಕೆ ಬಂತು?" ಹೊಸ ಲ್ಯಾಪ್‌ಟಾಪ್ ಕೊಳ್ಳೋಣವೆಂದರೆ, ಅದು ಮಗಳ ಕಾಲೇಜಿನ ಶುಲ್ಕ ಕಟ್ಟಬೇಕಾದ ವರ್ಷ.

ವಜ್ರಕ್ಕೆ ತೂಕ, ಬಣ್ಣ, ಶುದ್ಧತೆ, ಕಡಿತ ಎಂಬ ನಾಲ್ಕು ಪರೀಕ್ಷೆಗಳಿರುವಂತೆ ರ‍್ಯಾಮಿಗೂ ನಾಲ್ಕು ಪ್ರಶ್ನೆಗಳಿವೆ. ಮೊದಲನೆಯದು ಪೀಳಿಗೆ. ಡಿಡಿಆರ್3, ಡಿಡಿಆರ್4, ಡಿಡಿಆರ್5 ಎಂಬವು ಒಂದೇ ವಂಶದವಾದರೂ ಒಂದರ ಮನೆಯಲ್ಲಿ ಇನ್ನೊಂದು ಬಾಳದು. ಲ್ಯಾಪ್‌ಟಾಪಿನ ಪಟ್ಟಿಗಳಲ್ಲಿ ಅನುಕ್ರಮವಾಗಿ 204, 260, 262 ಪಿನ್ನುಗಳು. ನಡುವಿನ ಕಚ್ಚಿನ ಸ್ಥಾನವೂ ಬೇರೆ ಬೇರೆ. ಡಿಡಿಆರ್3 ಬೇಡುವುದು 1.5 ವೋಲ್ಟ್, ಡಿಡಿಆರ್4ಕ್ಕೆ 1.2 ಸಾಕು. ಎರಡನೆಯದು ಆಕಾರ: ಮೇಜಿನ ಕಂಪ್ಯೂಟರಿನ ಉದ್ದನೆಯ ಪಟ್ಟಿ ಲ್ಯಾಪ್‌ಟಾಪಿಗೆ ಸಲ್ಲದು. ಮೂರನೆಯದು ವೇಗ. ನಮ್ಮಲ್ಲಿದ್ದದ್ದು 2400ರ ಪಟ್ಟಿ; ಅದರ ಪಕ್ಕದಲ್ಲಿ 3200ರದನ್ನು ಕೂರಿಸಿದರೆ, ವೃದ್ಧರ ಜೊತೆ ನಡೆಯುವವರು ಹೆಜ್ಜೆ ಕಿರಿದು ಮಾಡುವಂತೆ, ಹೊಸದೂ ಸಾಮಾನ್ಯವಾಗಿ 2400ರಲ್ಲೇ ಸಾಗುತ್ತದೆ. ಹೆಚ್ಚಿನ ವೇಗಕ್ಕೆ ತೆತ್ತ ಹಣ ವ್ಯರ್ಥ. ನಾಲ್ಕನೆಯದು ಪರಿಮಿತಿ: ತಾಯಿಹಲಗೆ ಎಷ್ಟು ಜಿಬಿಯನ್ನು ಒಪ್ಪುತ್ತದೆ, ಎರಡನೆಯ ಗೂಡು ಇದೆಯೆ, ಇಲ್ಲವೇ ರ‍್ಯಾಮನ್ನು ಹಲಗೆಗೇ ಬೆಸೆದುಬಿಟ್ಟಿದ್ದಾರೆಯೆ? ವಿಂಡೋಸಿನ ಟಾಸ್ಕ್ ಮ್ಯಾನೇಜರಿನಲ್ಲಿ 'ಮೆಮೊರಿ' ಪುಟ ತೆರೆದರೆ ವೇಗವೂ ಗೂಡುಗಳ ಲೆಕ್ಕವೂ ಸಿಗುತ್ತವೆ. ಉಳಿದದ್ದಕ್ಕೆ ತಯಾರಕರ ಕೈಪಿಡಿಯಿದೆ.

ಈ ವಿವರಗಳನ್ನು ಚೀಟಿಯಲ್ಲಿ ಬರೆದುಕೊಂಡು ಬಡಾವಣೆಯ ಅಂಗಡಿಯೊಂದಕ್ಕೆ ಹೋದೆವು. ನಮಗಿಂತ ಮೊದಲು ಬಂದಿದ್ದ ತರುಣರೊಬ್ಬರು ವಜ್ರದ ಕಾರ್ಖಾನೆಯವರು. ಇಲ್ಲಿ ಅವರನ್ನು ರತ್ನಕಲಾಕಾರರೆಂದು ಗೌರವದಿಂದ ಕರೆಯುತ್ತಾರೆ. ತಮ್ಮನ ಹಳೆಯ ಲ್ಯಾಪ್‌ಟಾಪಿಗೆಂದು ಅವರು ತಂದಿದ್ದದ್ದು ಹೊಚ್ಚ ಹೊಸ ಡಿಡಿಆರ್5. ಅಂಗಡಿಯವರು ಎರಡು ಪಟ್ಟಿಗಳನ್ನು ಅಕ್ಕಪಕ್ಕ ಹಿಡಿದು, ಕಚ್ಚಿನ ವ್ಯತ್ಯಾಸ ತೋರಿಸಿ, "ಆ ಆಮಾಂ ನಹೀಂ ಬೇಸೆ, ಭಾಯಿ" ಎಂದರು. ಇದು ಇದರಲ್ಲಿ ಕೂರದು. ಹೊಂದುವುದಕ್ಕೆ ಗುಜರಾತಿಯವರೂ 'ಕೂರುವುದು' ಎಂದೇ ಹೇಳುವರೆಂದು ತಿಳಿದು ನಮಗೆ ಸಂತೋಷವಾಯಿತು. ಬಾಗಿಲು ಚೌಕಟ್ಟಿಗೆ ಕೂರುತ್ತದೆ, ಮಾತು ಮನಸ್ಸಿನಲ್ಲಿ ಕೂರುತ್ತದೆ ಎನ್ನುವವರಲ್ಲವೆ ನಾವು!

ನಮ್ಮ ಮುಂದೆ ಉಳಿದಿದ್ದ ಆಯ್ಕೆ 4 ಜಿಬಿಯದೋ 8ರದೋ ಎಂಬುದು. ಸಮಾನ ಜೋಡಿಯಾದರೆ ಎರಡು ಪಟ್ಟಿಗಳೂ ಪೂರ್ತಿ ಜೊತೆಯಾಗಿ ದುಡಿಯುತ್ತವೆ. ಅಸಮಾನವಾದರೆ, ನಮ್ಮದರಂಥ ಇಂಟೆಲ್ ಯಂತ್ರದಲ್ಲಿ ಸಮಾನವಾದಷ್ಟು ಭಾಗ ಜೋಡಿಯಾಗಿಯೂ ಮಿಕ್ಕದ್ದು ಒಂಟಿಯಾಗಿಯೂ ನಡೆಯುತ್ತದೆ. ದೊಡ್ಡ ಚಿತ್ರಪುಟಗಳಿಗೆ ಬೇಕಾದದ್ದು ಸ್ಥಳ. ತುಸು ವೇಗ ತಗ್ಗಿದರೂ ಅಡ್ಡಿಯಿಲ್ಲ. ಆದ್ದರಿಂದ 8ರದನ್ನೇ ಆರಿಸಿದೆವು. ಅಂಗಡಿಯವರು ಬ್ಯಾಟರಿಯ ತಂತಿ ಬಿಡಿಸಿ, ಪಟ್ಟಿಯನ್ನು ಓರೆಯಾಗಿ ತೂರಿಸಿ, ಕೊಂಡಿಗಳು ಕಚ್ಚುವವರೆಗೆ ಮೆಲ್ಲನೆ ಒತ್ತಿದರು. ತೆರೆಯ ಮೇಲೆ 12 ಜಿಬಿ ಎಂದು ಮೂಡಿತು. ಹಣ ಕೊಡುವ ಮುನ್ನ ಮೆಮೊರಿ ಪರೀಕ್ಷೆಯನ್ನೂ ನಡೆಸಿ ನೋಡಿದೆವು.

ಎಂಟು ವಸಂತಗಳಾದ ಯಂತ್ರ ಇದರಿಂದ ತರುಣನಾಗಲಿಲ್ಲ. ಅದರ ಸಂಸ್ಕಾರಕ ಹಳೆಯದೇ. ಆದರೆ ಒಂದು ನೋಟ್‌ಬುಕ್ಕಿನ ಮೊದಲ ಪುಟವನ್ನೂ ಕೊನೆಯ ಪುಟವನ್ನೂ ಈಗ ಒಟ್ಟಿಗೆ ತೆರೆದಿಟ್ಟು ತಂದೆಯವರ ಕೈಬರಹ ಎಲ್ಲಿ ನಡುಗತೊಡಗಿತೆಂದು ಕಾಣಬಹುದು. ಕಳೆದ ಭಾನುವಾರ ಅವರು ಎಂದಿನಂತೆ ಕೇಳಿದರು. ಹನ್ನೊಂದನೆಯದು ನಡೆಯುತ್ತಿದೆ ಅಪ್ಪಾಜಿ, ಎಂದೆವು.